ಹೊಲದಲ್ಲಿ ಕುರಿ ತರುಬುವ ಕಾಲ

ಕಡಲೆ, ಜೋಳದ ಸುಗ್ಗಿ ಮುಗಿದು ಎರೆಹೊಲ ಬಿರುಕು ಬಿಡುವ ಹೊತ್ತಿಗೆ ನಮ್ಮ ರೋಣ ತಾಲ್ಲೂಕಿನ ಕಡೆ ಕುರಿ ಹಿಂಡುಗಳು ಬರುತ್ತವೆ. ಯಾರ ಹೊಲದಲ್ಲಿ ಎಷ್ಟು ರಾತ್ರಿ ಕುರಿ ತರುಬಬೇಕು, ಅಂದರೆ ಗೊಬ್ಬರಕ್ಕಾಗಿ ಕೂಡಿಹಾಕಬೇಕು ಎಂಬ ಮಾತುಕತೆ ಶುರುವಾಗುತ್ತದೆ. ನಮ್ಮ ಅಜ್ಜ ಜೋಳ ಅಳೆದು ಕೊಡುತ್ತಿದ್ದರು. ಈಗ ರಾತ್ರಿಗೆ ಇಷ್ಟೆಂದು ಹಣ. ಈ ಖರ್ಚಿಗೆ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ.

ಸಂಜೆ ಗೂಟ ನೆಟ್ಟು, ಸುತ್ತ ಬಲೆ ಕಟ್ಟಿ ಕುರಿಗಳನ್ನು ಒಳಗೆ ಕೂಡುತ್ತಾರೆ. ನಸುಕಿನಲ್ಲಿ ಕುರಿಗಾರರು ಹಿಂಡಿನ ನಡುವೆ ನಡೆದು ಮಲಗಿದ ಕುರಿಗಳನ್ನೆಲ್ಲ ಎಬ್ಬಿಸುತ್ತಾರೆ, ಆದರೆ ಕೂಡಲೇ ಹೊರಗೆ ಬಿಡುವುದಿಲ್ಲ. ಎದ್ದ ಕುರಿ ಮೊದಲು ಉಚ್ಚೆ ಹೊಯ್ದು ಹಿಕ್ಕೆ ಹಾಕುತ್ತದೆ. “ಸ್ವಲ್ಪ ತಡೆಯಿರಿ ಅಕ್ಕಾ, ಇದು ದಾರಿಗೆ ಬೀಳಬಾರದು, ನಿಮ್ಮ ಹೊಲಕ್ಕೇ ಬೀಳಬೇಕು” ಎಂದರು ಹಿರಿಯ ಕುರಿಗಾರರೊಬ್ಬರು. ಮರುದಿನ ಬಲೆ ಪಕ್ಕದ ಜಾಗಕ್ಕೆ ಸರಿಯುತ್ತದೆ. ಹೀಗೆ ಇಡೀ ಹೊಲ ತುಂಬುತ್ತದೆ. ಗೊಬ್ಬರ ಹೇರುವ ಟ್ರ್ಯಾಕ್ಟರ್ ಬಾಡಿಗೆಯೂ ಉಳಿಯುತ್ತದೆ.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಷ್ಟಿದ್ದರೆ ಕುರಿ ಗೊಬ್ಬರದಲ್ಲಿ ಸುಮಾರು ಶೇ. 3 ಇರುತ್ತದೆ. ತಿಪ್ಪೆಯಲ್ಲಿ ಹರಿದು ಹೋಗುವ ಮೂತ್ರ ಇಲ್ಲಿ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಆದರೆ ಹಿಂಡು ಹೋದ ಮೇಲೆ ಹೊಲವನ್ನು ಬಿಸಿಲಿಗೆ ಹಾಗೇ ಬಿಡಬಾರದು. ಆ ಘಾಟು ವಾಸನೆ ಅಮೋನಿಯಾದ್ದು, ಅಂದರೆ ದುಡ್ಡು ಕೊಟ್ಟು ಪಡೆದ ಸಾರಜನಕ ಗಾಳಿಗೆ ಹೋಗುತ್ತಿದೆ. ಬೇಗನೆ ಕುಂಟೆ ಹೊಡೆದು ಮಣ್ಣಿನಲ್ಲಿ ಬೆರೆಸಬೇಕು. ಮುಂಗಾರಿಯ ಹೆಸರುಕಾಳಿನ ಬೆಳೆಗೂ ಹಿಂಗಾರಿಯ ಜೋಳಕ್ಕೂ ಅದರ ಕಸುವು ಸಿಗುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲೇ. ಮೆಕ್ಕೆಜೋಳದ ದಂಟಿಗೆ, ಬದುವಿನ ಹುಲ್ಲಿಗೆ ಬೆಂಕಿ ಇಟ್ಟು, ಆಮೇಲೆ ಡಿಎಪಿ ರಸಗೊಬ್ಬರದ ಚೀಲಕ್ಕೆ ಸರದಿ ನಿಲ್ಲುತ್ತೇವೆ. ಆ ಮೇವನ್ನೇ ತಿಂದು ಗೊಬ್ಬರ ಕೊಡುವ ಹಿಂಡು ಬಂದರೆ ಗದರಿ ಓಡಿಸುತ್ತೇವೆ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ 1.1 ಕೋಟಿ ಕುರಿಗಳಿವೆ. ಗೋಮಾಳಗಳು ಒತ್ತುವರಿಯಾದರೆ, ಬದುಗಳಿಗೆ ಕಳೆನಾಶಕ ಹೊಡೆದರೆ ಅವು ಎಲ್ಲಿ ಮೇಯಬೇಕು? ಕುರಿ ಸಾಕಣೆ ಕುರಿಗಾರರ ಪಾಡು, ಬೇಸಾಯ ನಮ್ಮ ಪಾಡು ಎಂದು ಬೇರೆ ಮಾಡಿದ್ದರಿಂದ ಇಬ್ಬರಿಗೂ ನಷ್ಟವೇ ಆಗಿದೆ.

ನಮ್ಮ ಕೃಷಿ ಹೊಂಡದಲ್ಲಿ ನೀರಿದ್ದಷ್ಟು ದಿನ ಕುರಿಗಳಿಗೆ ಕುಡಿಸಲು ಹೇಳಿದ್ದೇನೆ. ಹಿಂಡು ಇಲ್ಲಿರುವಾಗಲೇ ಕರುಳುಬೇನೆಯ ಲಸಿಕೆ ಹಾಕಿಸಲು ಪಶು ಆಸ್ಪತ್ರೆಯವರನ್ನೂ ಕೇಳಿಕೊಂಡಿದ್ದೇನೆ. ಅಕ್ಕಪಕ್ಕದ ರೈತರಲ್ಲಿ ನನ್ನ ಕೋರಿಕೆ ಒಂದೇ: ಈ ಬೇಸಿಗೆಯಲ್ಲಿ ಹೊಲಕ್ಕೆ ಬೆಂಕಿ ಇಡುವ ಮೊದಲು ಕುರಿಗಾರರಿಗೆ ಒಂದು ಫೋನ್ ಮಾಡಿ. ನಂಬರ್ ಬೇಕಾದರೆ ನಮ್ಮ ಮನೆಗೆ ಬನ್ನಿ, ಕೊಡುತ್ತೇನೆ.