ಮಣ್ಣಿಲ್ಲದ ಗೊಂಬೆಗಳು

ಪುರಾತನ ಈಜಿಪ್ಟಿನ ವಿಗ್ರಹ ಅಂದ ಕೂಡಲೇ ಎಲ್ಲರಿಗೂ ಚಿನ್ನ ನೆನಪಾಗುತ್ತದೆ. ಮಣ್ಣಿನ ಕೆಲಸ ಮಾಡುವ ನನ್ನ ಕಣ್ಣು ಮಾತ್ರ ಆ ನೀಲಿ ಗೊಂಬೆಗಳ ಕಡೆಗೇ ಹೋಗುತ್ತದೆ.

ಅದು ಫೈಯಾನ್ಸ್. ನೋಡೋಕೆ ಪಿಂಗಾಣಿ ಥರ ಇದೆ, ಆದರೆ ಅದರ ಮೂಲವಸ್ತು ಜೇಡಿಮಣ್ಣೇ ಅಲ್ಲ! ಪುಡಿ ಮಾಡಿದ ಬೆಣಚುಕಲ್ಲು ಅಥವಾ ಮರಳು, ಚೂರು ಸುಣ್ಣ, ನ್ಯಾಟ್ರಾನ್ ಉಪ್ಪು ಇಲ್ಲವೇ ಗಿಡದ ಬೂದಿ, ಬಣ್ಣಕ್ಕೆ ತಾಮ್ರ. ಕಲಸಿದ ಮುದ್ದೆ ಭಾರಿ ಹಟಮಾರಿ. ಮೊದಲು ಗಟ್ಟಿಯಾಗಿರುತ್ತದೆ, ತಿದ್ದಲು ಹೋದರೆ ಕುಸಿಯುತ್ತದೆ. ಹಾಗಾಗಿ ಚಿಕ್ಕ ಗೊಂಬೆಗಳನ್ನು ಜಾಸ್ತಿ ಅಚ್ಚಿಗೆ ಒತ್ತಿಯೇ ತೆಗೆಯುತ್ತಿದ್ದರು.

ಮಜಾ ಇರುವುದು ಒಣಗುವಾಗ. ಹಳೇ ಗೋಡೆಯಲ್ಲಿ ಉಪ್ಪು ಅರಳುತ್ತದಲ್ವಾ, ಹಾಗೆ ಒಳಗಿನ ಉಪ್ಪು ನೀರಿನ ಜೊತೆ ಮೇಲೆ ಬಂದು ಬೆಳ್ಳಗೆ ಪೊರೆ ಕಟ್ಟುತ್ತದೆ. ಗೂಡಿನ ಕಾವು 800–1000 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಆ ಪೊರೆಯೇ ಕರಗಿ ಗಾಜಿನ ಹೊಳಪಾಗುತ್ತದೆ. ಒಣಗುವಾಗ ಬೆರಳು ತಾಗಿತೋ, ಅಷ್ಟು ಜಾಗ ಬೋಳು. ಹೊಳಪು ತರಲು ಬೇರೆ ದಾರಿಗಳೂ ಇದ್ದವು. ನನಗೆ ಇದೇ ಇಷ್ಟ.

ಸತ್ತವರ ಪರವಾಗಿ ಪರಲೋಕದ ಹೊಲದಲ್ಲಿ ದುಡಿಯಬೇಕಿದ್ದ ಶಬ್ತಿ ಗೊಂಬೆಗಳು ಎಷ್ಟೋ ಇದರಲ್ಲೇ ಆದವು. ಟುಟಾಂಖಾಮನ್ ಸಮಾಧಿಯೊಂದರಲ್ಲೇ 413 ಶಬ್ತಿ ಸಿಕ್ಕವು. ಅವುಗಳಲ್ಲಿ ಮರದವು, ಕಲ್ಲಿನವು ಕೂಡ ಇವೆ.

ಅಗ್ಗದ ಮಾಲು ಅಂತ ಇದನ್ನು ತಳ್ಳಿಹಾಕುವವರ ಮಾತು ನಾನು ಒಪ್ಪುವುದಿಲ್ಲ. ಈಜಿಪ್ಟಿನವರಿಗೆ ನೀಲಿ-ಹಸಿರು ಎಂದರೆ ಚಿಗುರು, ಮರುಹುಟ್ಟು. ದೇವರ ಮೈ ಚಿನ್ನ, ಮೂಳೆ ಬೆಳ್ಳಿ, ಕೂದಲು ಲಾಪಿಸ್ ಲಾಜುಲಿ ಎಂದು ನಂಬಿದ್ದ ಜನ ಅವರು. ಆ ನೀಲಿಕಲ್ಲು ಈಗಿನ ಅಫ್ಘಾನಿಸ್ತಾನದ ಬದಖ್ಶಾನ್‌ನಿಂದ ಬರಬೇಕಿತ್ತು. ಯಾವ ವಸ್ತು ಅನ್ನುವುದು ಅಲಂಕಾರದ ಪ್ರಶ್ನೆ ಆಗಿರಲಿಲ್ಲ.

ಕಂಚಿನ ವಿಗ್ರಹಗಳೂ ಸಿಕ್ಕಾಪಟ್ಟೆ ಇವೆ. ಮೇಣದಲ್ಲಿ ಮೂರ್ತಿ ಮಾಡಿ, ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ಯುತ್ತಿದ್ದರು. 1903ರಲ್ಲಿ ಫ್ರೆಂಚ್ ಪುರಾತತ್ವಜ್ಞ ಜಾರ್ಜ್ ಲೆಗ್ರೇನ್ ಅಗೆಯಲು ಶುರು ಮಾಡಿದ ಕಾರ್ನಾಕ್ ದೇವಾಲಯದ ಗುಂಡಿಯಲ್ಲಿ ಹತ್ತಿರ ಹತ್ತಿರ 17,000 ಕಂಚಿನ ವಸ್ತುಗಳು ಸಿಕ್ಕವು. ಹರಕೆಯವು, ದೇವರಿಗೆ ಸೇರಿದವು. ಎಸೆಯುವಂತಿಲ್ಲ, ಹಾಗಾಗಿ ದೇವಾಲಯದ ಅಂಗಳದಲ್ಲೇ ಹೂತಿದ್ದರು.

ಮತ್ತೆ ಫೈಯಾನ್ಸ್‌ಗೇ ಬರುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ವಿಲಿಯಂ ಅನ್ನೋ ಅಡ್ಡಹೆಸರಿನ ನೀಲಿ ನೀರಾನೆ ಇದೆ. ಉದ್ದ ಸುಮಾರು 20 ಸೆಂಟಿಮೀಟರ್, ಮೈತುಂಬ ತಾವರೆ ಚಿತ್ರ. ಎಷ್ಟು ಮುದ್ದಾಗಿದೆ ಅಂದರೆ ಯಾರಿಗೂ ಭಯ ಆಗಲ್ಲ. ಸಮಾಧಿಗೆ ಇಟ್ಟವರಿಗೆ ಮಾತ್ರ ಆಗಿತ್ತು. ಸತ್ತವನ ಮೇಲೆ ಎರಗೀತು ಅಂತ ಬೇಕೆಂದೇ ಅದರ ಕಾಲು ಮುರಿದಿಟ್ಟಿದ್ದರು. ಈಗ ಕಾಣುವ ನಾಲ್ಕರಲ್ಲಿ ಮೂರು ಕಾಲು ನಮ್ಮ ಕಾಲದವರು ಕೂಡಿಸಿದ್ದು.