ಕ್ರೂಸ್ ಹಡಗಿನ ಕೆಳಗಿನ ಡೆಕ್‌ಗಳಲ್ಲಿ ಒಂದು ಬೆಳಿಗ್ಗೆ

ಕ್ರೂಸ್‌ಗೆ ಹೋಗಿ ಬಂದವರು ಈಜುಕೊಳ, ಬಾಲ್ಕನಿ, ರಾತ್ರಿಯ ಶೋ, ಊಟ ಇವುಗಳ ಬಗ್ಗೆ ಹೇಳುತ್ತಾರೆ. ನನಗೆ ಹೇಳಬೇಕು ಅನ್ನಿಸುವುದು ಹಡಗಿನ ಕಸದ ಕೋಣೆಯ ಬಗ್ಗೆ, ಲಾಂಡ್ರಿಯ ಬಗ್ಗೆ. ಅಲ್ಲಿ ದುಡಿಯುವವರನ್ನು ಪ್ರಯಾಣಿಕರು ಒಂದು ಸಲವೂ ನೋಡದೆ ಇಳಿದು ಹೋಗುತ್ತಾರಲ್ಲ, ಅದರ ಬಗ್ಗೆ.

ಹಡಗು ಯಾವ ಬಂದರಿಗೂ ಹೋಗದೆ ಇಡೀ ದಿನ ಸಮುದ್ರದಲ್ಲೇ ಇರುವಾಗ ಹಲವು ಕಂಪನಿಗಳು ಪ್ರಯಾಣಿಕರ ಒಂದು ಸಣ್ಣ ಗುಂಪನ್ನು ಒಳಗಿನ ಜಾಗ ತೋರಿಸಲು ಕರೆದುಕೊಂಡು ಹೋಗುತ್ತವೆ. ಇದಕ್ಕೆ ಬೇರೆ ಟಿಕೆಟ್, ದುಡ್ಡು ಕಡಿಮೆಯೇನಲ್ಲ. ಪಾದ ಪೂರ್ತಿ ಮುಚ್ಚುವ ಶೂ ಹಾಕಿರಬೇಕು, ಕಡಿದಾದ ಮೆಟ್ಟಿಲು ಹತ್ತಿ ಇಳಿಯಲು ಆಗಬೇಕು, ಕೆಲವು ಕಡೆ ಫೋಟೋ ತೆಗೆಯುವಂತಿಲ್ಲ. ಮೊದಲು ಒಂದು ಫಾರ್ಮ್‌ಗೆ ಸಹಿ, ಆಮೇಲೆ ಕೈ ಸ್ಕ್ಯಾನರ್ ಆಡಿಸಿ ತಪಾಸಣೆ. ಗುಂಪಿನಲ್ಲಿದ್ದವರೆಲ್ಲ ಬಂದಿದ್ದು ಬ್ರಿಜ್ ನೋಡಲು, ಅಂದರೆ ಅಧಿಕಾರಿಗಳು ನಿಂತು ಹಡಗು ನಡೆಸುವ ಜಾಗ. ನನಗೂ ಅದೇ ಆಸೆ ಇತ್ತು.

ಸಿಬ್ಬಂದಿಗೆ ಮಾತ್ರ ಎಂದು ಬರೆದಿದ್ದ ಬಾಗಿಲು ದಾಟುತ್ತಿದ್ದ ಹಾಗೆ ಕಾರ್ಪೆಟ್ ಮುಗಿಯಿತು. ಮುಂದೆ ಬರೀ ಉಕ್ಕು. ಬಿಳಿ ಬಣ್ಣ ಹೊಡೆದ ಗೋಡೆ, ತಲೆ ಮೇಲೆ ಸಾಲು ಸಾಲು ಪೈಪು, ಕೇಬಲ್ಲು, ಪ್ರತಿ ಪೈಪಿನ ಮೇಲೂ ಒಳಗೆ ಏನು ಹರಿಯುತ್ತದೆ ಎಂದು ಹೇಳುವ ಬಣ್ಣದ ಪಟ್ಟಿ. ಎರಡು ಮೆಟ್ಟಿಲು ಇಳಿದರೆ ಒಂದು ಉದ್ದನೆಯ ಹಾದಿ. ಹಡಗಿನ ಮುಂದಿನ ತುದಿಯ ಹತ್ತಿರದಿಂದ ಹಿಂದಿನ ತುದಿಯವರೆಗೆ ಹೆಚ್ಚು ಕಮ್ಮಿ ನೇರವಾಗಿ ಹೋಗುತ್ತದೆ. ಸಿಬ್ಬಂದಿ ಇದನ್ನು ಐ-95 ಎನ್ನುತ್ತಾರೆ, ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರು ಅದು. ಬ್ರಿಟಿಷ್ ಹಡಗುಗಳಲ್ಲಿ ಇದೇ ಹಾದಿಗೆ ಎಂ1 ಎಂದು ಕರೆಯುವುದೂ ಉಂಟು. ಫೋರ್ಕ್‌ಲಿಫ್ಟ್ ಓಡಾಡುವಷ್ಟು ಅಗಲ. ಹಬ್ಬದ ಹಿಂದಿನ ದಿನದ ಪೇಟೆ ಬೀದಿಯ ಹಾಗೆ ಅಲ್ಲಿ ಜನ. ಒಬ್ಬರು ತಟ್ಟೆಗಳ ಗಾಡಿ ತಳ್ಳುತ್ತಿದ್ದರು, ಇಬ್ಬರು ಹಾಸಿಗೆ ಹೊತ್ತಿದ್ದರು, ಅವರ ಹಿಂದೆ ನೃತ್ಯ ತಂಡದ ಹುಡುಗಿಯೊಬ್ಬಳು ಅರ್ಧ ಮೇಕಪ್‌ನಲ್ಲಿ ಬಾಳೆಹಣ್ಣು ತಿನ್ನುತ್ತಾ ನಡೆದು ಹೋದಳು. ಯಾರೂ ಅಂಚಿಗೆ ಸರಿಯದೆ ನಡೆಯುವುದಿಲ್ಲ. ನಾವೂ ಒಂದೇ ಸಾಲಿನಲ್ಲಿ ಹೋಗಬೇಕು ಎಂದು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ ಅಧಿಕಾರಿ ಮೊದಲೇ ಹೇಳಿದ್ದರು.

ಮೇಲೆ ಓಡಾಡುವಾಗ ನಮಗೆ ಒಂದು ಕಸದ ಚೀಲವಾಗಲಿ, ಕೊಳೆ ಬಟ್ಟೆಯ ರಾಶಿಯಾಗಲಿ ಕಾಣುವುದಿಲ್ಲ. ಎಲ್ಲವೂ ಈ ಹಾದಿಯಲ್ಲಿ ಸಾಗಿ, ಸಿಬ್ಬಂದಿಯ ಲಿಫ್ಟಿನಲ್ಲಿ ಹತ್ತಿ ಇಳಿಯುತ್ತದೆ. ಪ್ರಯಾಣದ ಕೊನೆಯ ದಿನ ಬಂದರಿನಲ್ಲಿ ಬೆಳಿಗ್ಗೆಯಿಂದ ಸಂಜೆಯೊಳಗೆ ಸಾವಿರಾರು ಜನರ ಲಗೇಜು ಇಳಿದು, ಹೊಸಬರ ಲಗೇಜು ಹತ್ತಿ, ಅದರ ಜೊತೆಗೆ ಮುಂದಿನ ವಾರದ ದಿನಸಿಯೂ ಒಳಗೆ ಬರಬೇಕು. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಹಡಗು ಭರ್ತಿಯಾದರೆ 7,600 ಪ್ರಯಾಣಿಕರು, 2,350 ಸಿಬ್ಬಂದಿ. ನಾನಿದ್ದ ಹಡಗು ಅಷ್ಟು ದೊಡ್ಡದಲ್ಲ. ಆದರೂ ಆ ದಿನ ಇಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲವಂತೆ.

ಹಾದಿಯ ಗೋಡೆಯಲ್ಲಿ ಒಂದು ನೋಟಿಸ್ ಬೋರ್ಡ್ ಇತ್ತು. ತರಬೇತಿಯ ಸಮಯ, ಯಾವ ಬಂದರಿನಲ್ಲಿ ಯಾರು ಹಡಗು ಬಿಡುವಂತಿಲ್ಲ ಎಂಬ ಪಟ್ಟಿ, ಪಕ್ಕದಲ್ಲಿ ಪ್ರಯಾಣಿಕರು ಹೆಸರು ಹಿಡಿದು ಹೊಗಳಿದವರ ಪಟ್ಟಿ. ಹೊಗಳಿಕೆಯ ಪಟ್ಟಿಯನ್ನು ನಾನು ಪೂರ್ತಿ ಓದಿದೆ. ವೇಟರ್‌ಗಳು, ಕ್ಯಾಬಿನ್ ನೋಡಿಕೊಳ್ಳುವವರು, ಬಾರ್‌ನವರು, ಮಕ್ಕಳನ್ನು ಆಡಿಸುವವರು. ಅಷ್ಟೇ. ಇದು ಸಹಜ ಅಲ್ವಾ, ಕಂಡವರ ಹೆಸರನ್ನಷ್ಟೇ ಜನ ಬರೆಯುತ್ತಾರೆ.

ಅಡುಗೆಮನೆಯನ್ನು ಗ್ಯಾಲಿ ಎನ್ನುತ್ತಾರೆ. ಅಲ್ಲಿ ಬೆಂಕಿಯ ಉರಿ ಎಲ್ಲೂ ಕಾಣಲಿಲ್ಲ, ಎಲ್ಲವೂ ಕರೆಂಟಿನಲ್ಲೇ ನಡೆಯುತ್ತದೆ. ಸಮುದ್ರದ ಮಧ್ಯೆ ಬೆಂಕಿಗಿಂತ ದೊಡ್ಡ ಭಯ ಇಲ್ಲ. ಮಾಂಸಕ್ಕೆ, ಮೀನಿಗೆ, ತರಕಾರಿಗೆ, ಹಾಲಿನ ಪದಾರ್ಥಕ್ಕೆ ಬೇರೆ ಬೇರೆ ಶೀತಲ ಕೋಣೆ, ಹೆಪ್ಪುಗಟ್ಟಿದ್ದನ್ನು ಕರಗಿಸಲೆಂದೇ ಇನ್ನೊಂದು ಕೋಣೆ. ಹೆಚ್ಚುವ ಮಣೆಗಳಿಗೂ ಬಣ್ಣ ಬೇರೆ, ಹಸಿ ಮಾಂಸ ಕತ್ತರಿಸಿದ ಮಣೆಯ ಮೇಲೆ ಸೊಪ್ಪು ಬರುವಂತಿಲ್ಲ. ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ವಾಂತಿ ಭೇದಿ ತರುವ ನೊರೊವೈರಸ್ ಒಂದು ಸಲ ಹಡಗಿಗೆ ಬಂದರೆ ಅದೇ ಕೈಕಂಬಿ, ಅದೇ ಚಮಚ ಮುಟ್ಟುವ ಸಾವಿರಾರು ಜನರಲ್ಲಿ ಹರಡಲು ಹೆಚ್ಚು ಹೊತ್ತು ಬೇಡ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮುಂಚೆ ತಿಳಿಸದೆ ಬಂದು ಪರೀಕ್ಷೆ ಮಾಡುತ್ತದೆ. 100ಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ಆ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಹಡಗು ಬುಕ್ ಮಾಡುವ ಮುಂಚೆ ಈಜುಕೊಳದ ಫೋಟೋಗಿಂತ ಆ ವರದಿ ನೋಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಲಾಂಡ್ರಿ ಇನ್ನೂ ಕೆಳಗೆ. ಅಲ್ಲಿಗೆ ಹೋಗುವ ದಾರಿಯಲ್ಲಿ ವಾಟರ್‌ಟೈಟ್ ಬಾಗಿಲುಗಳು ಸಿಗುತ್ತವೆ, ಹಡಗಿಗೆ ನೀರು ನುಗ್ಗಿದರೆ ಅದು ಒಂದೇ ಭಾಗದಲ್ಲಿ ನಿಲ್ಲಲಿ ಎಂದು ಇರುವ ದಪ್ಪ ಉಕ್ಕಿನ ಬಾಗಿಲುಗಳು. ಇವನ್ನು ಬ್ರಿಜ್‌ನಿಂದಲೇ ಮುಚ್ಚಬಹುದು. ಮುಚ್ಚುವಾಗ ಗಂಟೆ ಬಾರಿಸುತ್ತದೆ, ದೀಪ ಮಿನುಗುತ್ತದೆ, ಆದರೆ ಮಧ್ಯೆ ಮನುಷ್ಯ ಇದ್ದಾನೆ ಎಂದು ಬಾಗಿಲು ನಿಲ್ಲುವುದಿಲ್ಲ. ಪೂರ್ತಿ ತೆರೆದ ಮೇಲೆಯೇ ದಾಟಬೇಕು, ಕೈಯಲ್ಲಿ ಏನೂ ಹಿಡಿದಿರಬಾರದು ಎಂದು ಹೊಸಬರಿಗೆ ಮೊದಲ ದಿನವೇ ಕಲಿಸುತ್ತಾರಂತೆ.

ಲಾಂಡ್ರಿಯ ಬಾಗಿಲು ತೆರೆದರೆ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಕಿಟಕಿ ಇಲ್ಲ. ಒದ್ದೆ ಬೆಡ್‌ಶೀಟನ್ನು ಇಬ್ಬರು ಎರಡು ತುದಿ ಹಿಡಿದು ರೋಲರ್‌ಗೆ ಕೊಟ್ಟರೆ ಅದು ಆ ಕಡೆ ಇಸ್ತ್ರಿಯಾಗಿ, ಮಡಿಕೆಯಾಗಿ ಬೀಳುತ್ತದೆ. ಟವೆಲ್ ಮಡಿಸಲು ಬೇರೆ ಯಂತ್ರ. ಡ್ರೈಯರ್‌ಗಳ ಬಲೆಯಲ್ಲಿ ಕೂರುವ ನೂಲಿನ ಹಿಂಜನ್ನು ಮತ್ತೆ ಮತ್ತೆ ತೆಗೆಯುತ್ತಾರೆ, ಅದಕ್ಕೆ ಬೆಂಕಿ ಹತ್ತಿಕೊಳ್ಳುವುದು ಬೇಗ. ಅಲ್ಲಿದ್ದ ಒಬ್ಬರನ್ನು ಮಾತಾಡಿಸಿದೆ, ನನಗಿಂತ ಚಿಕ್ಕವರು. ಬಂದರಿನಲ್ಲಿ ಹಡಗು ನಿಂತಾಗ ಹೊರಗೆ ಹೋಗ್ತೀರಾ ಎಂದು ಕೇಳಿದೆ.

“ಪಾಳಿ ಮಧ್ಯೆ ಎರಡು ಗಂಟೆ ಸಿಕ್ಕಿದರೆ ಹೋಗ್ತೀನಿ. ವೈಫೈ ಸಿಗುವ ಕಡೆ ಕೂತು ಮನೆಗೆ ವೀಡಿಯೊ ಕಾಲ್ ಮಾಡ್ತೀನಿ. ಆಮೇಲೆ ವಾಪಸ್.”

“ಊರು ನೋಡೋದಿಲ್ವಾ?”

“ಮಗಳನ್ನು ನೋಡಿದರೆ ಸಾಕು” ಎಂದರು. ಹೇಳುತ್ತಲೇ ಇನ್ನೊಂದು ಶೀಟಿನ ತುದಿ ಹಿಡಿದಿದ್ದರು.

ನಾನು ಆಮೇಲೆ ಇವರ ಕೆಲಸದ ಸಮಯದ ನಿಯಮ ಹುಡುಕಿ ಓದಿದೆ. 2006ರ ಕಡಲ ಕಾರ್ಮಿಕರ ಒಪ್ಪಂದ ಜಾರಿಗೆ ಬಂದದ್ದು 2013ರಲ್ಲಿ. ಹಡಗು ನೋಂದಣಿಯಾದ ದೇಶ ಅದರಲ್ಲಿ ಎರಡು ಲೆಕ್ಕಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಒಂದು, ದಿನಕ್ಕೆ 14 ಗಂಟೆ ಮತ್ತು ವಾರಕ್ಕೆ 72 ಗಂಟೆಗಿಂತ ಜಾಸ್ತಿ ಕೆಲಸ ಕೊಡಬಾರದು. ಇನ್ನೊಂದು, ದಿನಕ್ಕೆ ಕನಿಷ್ಠ 10 ಗಂಟೆ ಮತ್ತು ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಎರಡನೆಯದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ವಾರದಲ್ಲಿ 168 ಗಂಟೆ, 77 ಕಳೆದರೆ 91. ವಾರಕ್ಕೆ 91 ಗಂಟೆ ದುಡಿಸಿದರೂ ನಿಯಮ ಮುರಿದ ಹಾಗಲ್ಲ! ಆ 10 ಗಂಟೆಯೂ ಒಟ್ಟಿಗೆ ಸಿಗಬೇಕೆಂದಿಲ್ಲ, ಎರಡು ತುಂಡು ಮಾಡಬಹುದು, ಒಂದು ತುಂಡು 6 ಗಂಟೆ ಇದ್ದರಾಯಿತು. ಕಾಂಟ್ರಾಕ್ಟ್ ಮುಗಿಯುವವರೆಗೆ ಪೂರ್ತಿ ರಜೆಯ ಒಂದು ದಿನ ಹೆಚ್ಚಿನವರಿಗೆ ಇರುವುದಿಲ್ಲ, ಕಾಂಟ್ರಾಕ್ಟು ಎಷ್ಟೋ ತಿಂಗಳದ್ದು. ಇದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಒಪ್ಪಂದ ಇಲ್ಲದ ಕಾಲಕ್ಕಿಂತ ವಾಸಿ ನಿಜ, ಆದರೆ 91 ಗಂಟೆ ಅನ್ನುವುದು ಮನುಷ್ಯರ ಮೈ ನೋಡಿ ಬರೆದ ಅಂಕಿಯಲ್ಲ.

ಸಿಬ್ಬಂದಿಯ ಕ್ಯಾಬಿನ್‌ಗಳನ್ನು ಮಾತ್ರ ತೋರಿಸಲಿಲ್ಲ. ಮುಚ್ಚಿದ ಬಾಗಿಲುಗಳ ಸಾಲು ಕಂಡಿತು, ಅಷ್ಟೇ. ಒಂದರ ಮೇಲೊಂದು ಎರಡು ಬಂಕು, ಪ್ರತಿ ಬಂಕಿಗೂ ಪರದೆ, ಹಲವು ಕ್ಯಾಬಿನ್‌ಗಳು ನೀರಿನ ಮಟ್ಟಕ್ಕಿಂತ ಕೆಳಗೆ ಎಂದು ಅಧಿಕಾರಿ ಹೇಳಿದರು. ಗುಂಪಿನಲ್ಲಿ ಒಬ್ಬರು “ಒಂದನ್ನಾದರೂ ತೆರೆದು ತೋರಿಸಿ” ಎಂದು ಒತ್ತಾಯ ಮಾಡಿದರು. “ರಾತ್ರಿ ಪಾಳಿಯವರು ಈಗ ಮಲಗಿದ್ದಾರೆ” ಎಂದು ಅವರು ಮುಂದೆ ನಡೆದರು. ಸರಿಯಾಗಿಯೇ ಮಾಡಿದರು. ನಾವು ಕೊಟ್ಟ ಟಿಕೆಟ್ ದುಡ್ಡು ಅವರ ನಿದ್ದೆಗೆ ಕೊಟ್ಟದ್ದಲ್ಲ.

ಎಂಜಿನ್ ರೂಮಿನ ಒಳಗೆ ಬಿಡುವುದಿಲ್ಲ, ಕಂಟ್ರೋಲ್ ರೂಮಿನವರೆಗೆ ಮಾತ್ರ. ತಣ್ಣಗಿನ ಕೋಣೆ, ತುಂಬಾ ಸ್ಕ್ರೀನುಗಳು. ಎಂಜಿನ್‌ಗಳು ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸುವುದಿಲ್ಲ, ಅವು ಕರೆಂಟ್ ಮಾಡುತ್ತವೆ. ಆ ಕರೆಂಟಿನಲ್ಲಿ ಒಂದು ಪಾಲು ಹಡಗಿನ ಹಿಂಭಾಗದ ತಳದಲ್ಲಿ ತೂಗುವ, ಸುತ್ತಲೂ ತಿರುಗಬಲ್ಲ ಪಾಡ್‌ಗಳ ಮೋಟಾರಿಗೆ (ಪ್ರೊಪೆಲ್ಲರ್ ತಿರುಗಿಸುವುದು ಅದೇ), ಉಳಿದದ್ದು ದೀಪ, ಎಸಿ, ಗ್ಯಾಲಿ, ಲಾಂಡ್ರಿಗೆ. ಕುಡಿಯುವ ನೀರಿನ ಬಹುಪಾಲನ್ನೂ ಇಲ್ಲೇ ಸಮುದ್ರದ ನೀರಿನಿಂದ ಮಾಡುತ್ತಾರೆ. ಒತ್ತಡ ಇಳಿಸಿದರೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಹಾಗಾಗಿ ಎಂಜಿನ್‌ನಿಂದ ಸುಮ್ನೆ ಹೋಗುವ ಶಾಖವೇ ಅದಕ್ಕೆ ಸಾಕು.

ಎಂಜಿನ್‌ಗಳ ಅಡಿಯಲ್ಲಿ ಎಣ್ಣೆ ಬೆರೆತ ನೀರು ಸೇರುತ್ತಲೇ ಇರುತ್ತದೆ. ಅದನ್ನು ಶೋಧಿಸಿ, ಎಣ್ಣೆ ಹತ್ತು ಲಕ್ಷಕ್ಕೆ 15 ಪಾಲು ಮೀರದಂತೆ ಮಾಡಿದ ಮೇಲೆಯೇ ಹೊರಗೆ ಬಿಡಬಹುದು. ಈ ನಿಯಮವನ್ನು ಮುರಿದದ್ದಕ್ಕೆ 2016ರಲ್ಲಿ ಪ್ರಿನ್ಸೆಸ್ ಕ್ರೂಸಸ್ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಅವರ ಕೆರಿಬಿಯನ್ ಪ್ರಿನ್ಸೆಸ್ ಹಡಗಿನಲ್ಲಿ ಶೋಧಕವನ್ನು ತಪ್ಪಿಸುವ ಗುಟ್ಟಿನ ಪೈಪ್ ಇತ್ತು. ಅದನ್ನು 2013ರಲ್ಲಿ ಹೊರಗೆಡವಿದ್ದು ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರ್. ಆತ ಕೆಲಸ ಬಿಟ್ಟು ಬ್ರಿಟನ್‌ನ ಅಧಿಕಾರಿಗಳಿಗೆ ತಿಳಿಸಿದ. ಆ ಪೈಪು ಇದ್ದದ್ದು ಇಂಥದೇ ಒಂದು ಡೆಕ್‌ನಲ್ಲಿ, ಯಾವ ಪ್ರಯಾಣಿಕನ ಕಣ್ಣಿಗೂ ಬೀಳದ ಜಾಗದಲ್ಲಿ. ಅವನೊಬ್ಬ ಬಾಯಿ ಮುಚ್ಚಿಕೊಂಡಿದ್ದರೆ ಅದು ಇನ್ನೆಷ್ಟು ಕಾಲ ನಡೆಯುತ್ತಿತ್ತೋ.

ಇನ್ನು ಕಸದ ಕೋಣೆ. ವಾಸನೆ ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ, ನೆಲ ನಮ್ಮ ಗುಂಪಿನವರ ಶೂಗಿಂತ ಶುಚಿ. ಮಧ್ಯೆ ಉದ್ದನೆಯ ಸ್ಟೀಲ್ ಮೇಜು. ಮೇಲಿನಿಂದ ಬರುವ ಪ್ರತಿ ಚೀಲವನ್ನೂ ಅದರ ಮೇಲೆ ಸುರಿದು, ದಪ್ಪ ಗ್ಲೌಸ್ ಹಾಕಿದವರು ಕೈಯಲ್ಲೇ ಬೇರೆ ಮಾಡುತ್ತಾರೆ. ಬಾಟಲಿಗಳು ಬಣ್ಣದ ಪ್ರಕಾರ ಬೇರೆಯಾಗಿ ಪುಡಿಯಾಗುತ್ತವೆ. ಡಬ್ಬಿಗಳನ್ನು ಯಂತ್ರ ಅಮುಕಿ ಇಟ್ಟಿಗೆ ಮಾಡುತ್ತದೆ. ರಟ್ಟು ಕಟ್ಟಾಗುತ್ತದೆ. ಸುಡಬಹುದಾದದ್ದು ಪಕ್ಕದ ಇನ್ಸಿನರೇಟರ್‌ಗೆ. ಊಟದಲ್ಲಿ ಉಳಿದದ್ದನ್ನು ಅರೆಯುತ್ತಾರೆ. ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ಲಾಸ್ಟಿಕ್‌ನ ಒಂದು ಚೂರನ್ನೂ ಯಾವ ಸಮುದ್ರಕ್ಕೂ ಹಾಕುವಂತಿಲ್ಲ. ಆಹಾರವನ್ನು 25 ಮಿಲಿಮೀಟರ್ ಜಾಲರಿಯಲ್ಲಿ ಹಾಯುವಷ್ಟು ಸಣ್ಣಗೆ ಅರೆದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ ಬಿಡಬಹುದು, ಅರೆಯದಿದ್ದರೆ 12. ಕೆಲವು ವಿಶೇಷ ಕಡಲುಗಳಲ್ಲಿ ನಿಯಮ ಇನ್ನೂ ಬಿಗಿ. ಏನು ಬಿಟ್ಟರು, ಏನು ಸುಟ್ಟರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

ಈ ನಿಯಮಗಳೆಲ್ಲ ಕೊನೆಗೆ ನಿಂತಿರುವುದು ಆ ಮೇಜಿನ ಮುಂದೆ ನಿಂತವರ ಕಣ್ಣು ಮತ್ತು ಬೆರಳಿನ ಮೇಲೆ. ಒಂದು ಸ್ಟ್ರಾ, ಸಾಸ್‌ನ ಒಂದು ಪ್ಲಾಸ್ಟಿಕ್ ಪ್ಯಾಕೆಟ್ ಊಟದ ಉಳಿಕೆಯ ಜೊತೆ ಜಾರಿದರೆ ಅದು ಸಮುದ್ರಕ್ಕೇ. ಅಲ್ಲಿದ್ದ ಮೇಲ್ವಿಚಾರಕರು ಆ ಬೆಳಿಗ್ಗೆ ಕಸದಲ್ಲಿ ಸಿಕ್ಕಿದ್ದನ್ನು ಒಂದು ಟ್ರೇನಲ್ಲಿ ತೋರಿಸಿದರು. ಹಡಗಿನ ಚಮಚಗಳು, ಒಂದು ಕನ್ನಡಕ, ಬ್ಯಾಟರಿಗಳು, ಟಿಶ್ಯೂನಲ್ಲಿ ಸುತ್ತಿದ್ದ ಒಡೆದ ಗ್ಲಾಸು, ಮುಚ್ಚಳ ಇಲ್ಲದ ಒಂದು ಇಂಜೆಕ್ಷನ್ ಸೂಜಿ. ಸೂಜಿ ನೋಡಿ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಬ್ಯಾಟರಿ ಇನ್ಸಿನರೇಟರ್ ಒಳಗೆ ಹೋದರೆ ಸಿಡಿಯುತ್ತದೆ, ಸೂಜಿ ಗ್ಲೌಸ್ ದಾಟಿ ಕೈಗೆ ಹೋಗುತ್ತದೆ. “ಕ್ಯಾಬಿನ್ ನೋಡಿಕೊಳ್ಳುವವರನ್ನು ಕೇಳಿದರೆ ಸೂಜಿಗೆಂದೇ ಡಬ್ಬಿ ತಂದು ಕೊಡುತ್ತಾರೆ, ದಯವಿಟ್ಟು ಕೇಳಿ” ಎಂದರು. ದಯವಿಟ್ಟು ಅನ್ನುವುದನ್ನು ಎರಡು ಸಲ ಹೇಳಿದರು.

ಕೊನೆಗೆ ಬ್ರಿಜ್. ಚೆನ್ನಾಗಿದೆ. ಎತ್ತರದ ಕಿಟಕಿಗಳು, ಮೆಲ್ಲಗೆ ಮಾತಾಡುವ ಅಧಿಕಾರಿಗಳು, ರಾಡಾರ್, ಎಲೆಕ್ಟ್ರಾನಿಕ್ ನಕ್ಷೆ, ಎರಡೂ ಬದಿಯಲ್ಲಿ ಹಡಗಿನ ಮೈಯಿಂದ ಹೊರಗೆ ಚಾಚಿದ ರೆಕ್ಕೆಗಳು, ಅಲ್ಲಿ ಕಾಲ ಕೆಳಗೆ ಗಾಜಿನ ನೆಲ. ದಡಕ್ಕೆ ಹಚ್ಚುವಾಗ ಅಲ್ಲಿಂದ ಕೆಳಗೆ ನೋಡುತ್ತಾರೆ. ಕ್ಯಾಪ್ಟನ್ ಜೊತೆ ಗ್ರೂಪ್ ಫೋಟೋ ಆಯಿತು. ನನ್ನ ತಲೆಯಲ್ಲಿ ಇನ್ನೂ ಆ ಟ್ರೇ ಇತ್ತು.

ವಾಪಸ್ ಬರುವಾಗ ನಾನು ಆ ಅಧಿಕಾರಿಯನ್ನು ನೋಟಿಸ್ ಬೋರ್ಡಿನ ಬಗ್ಗೆ ಕೇಳಿದೆ. ಲಾಂಡ್ರಿಯವರ, ಕಸದ ಕೋಣೆಯವರ ಹೆಸರು ಅಲ್ಲಿಗೆ ಬರುವುದಿಲ್ಲವಾ ಎಂದು. ಪ್ರಯಾಣಿಕರು ಬರೆದರೆ ಬರುತ್ತದೆ, ಬರೆಯುವವರು ಇಲ್ಲ ಎಂದರು. ಪ್ರಯಾಣ ಮುಗಿದ ಮೇಲೆ ಇಮೇಲ್‌ನಲ್ಲಿ ಬರುವ ಅಭಿಪ್ರಾಯದ ಫಾರ್ಮನ್ನು ಕಂಪನಿ ನಿಜವಾಗಿ ಓದುತ್ತದೆ, ಬಡ್ತಿ ಕೊಡುವಾಗಲೂ ನೋಡುತ್ತದೆ, ಹೆಸರು ಗೊತ್ತಿಲ್ಲದಿದ್ದರೆ ವಿಭಾಗ ಮತ್ತು ತಾರೀಖು ಬರೆದರೂ ಸಾಕು ಎಂದು ಹೇಳಿದರು. ನಾನು ಬರೆದೆ. ಸೂಜಿಯ ಡಬ್ಬಿಯ ವಿಷಯವನ್ನು ಪ್ರತಿ ಕ್ಯಾಬಿನ್‌ನ ಬುಟ್ಟಿಯ ಮೇಲೆಯೇ ಚೀಟಿ ಅಂಟಿಸಿ ತಿಳಿಸಿ ಎಂದೂ ಸೇರಿಸಿದೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ, ಮತ್ತೊಮ್ಮೆ ಬರೆಯುವವಳಿದ್ದೇನೆ.