ಬೆಚ್ಚನೆ ಮನೆ ಅವರದ್ದು, ಬೂಷ್ಟಿನ ಮನೆ ನಮ್ಮದು

ಇಂಗ್ಲೆಂಡಿನ ನಾರಿಚ್‌ನಲ್ಲಿ (ನಾರ್‌ವಿಚ್ ಅಂತ ಓದಿದರೆ ಇಲ್ಲಿಯವರು ನಗುತ್ತಾರೆ) ಚಳಿಗಾಲ ಬಂತೆಂದರೆ ನನ್ನ ದಿನ ಶುರುವಾಗುವುದು ಒಂದು ಹಳೇ ಟವೆಲ್‌ನಿಂದ. ಎದ್ದ ಕೂಡಲೇ ಕಿಟಕಿ ಗಾಜಿನ ನೀರು ಒರೆಸಬೇಕು. ಹಿಂಡಿದರೆ ಅರ್ಧ ಲೋಟ ಆಗುತ್ತದೆ. ಬೀರು ಸರಿಸಿದರೆ ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು. ಏಜೆಂಟ್‌ಗೆ ಫೋಟೋ ಕಳಿಸಿದೆ. "ಕಿಟಕಿ ಸ್ವಲ್ಪ ತೆರೆದಿಡಿ" ಅಂದರು. ತೆರೆದರೆ ದುಡ್ಡು ಕೊಟ್ಟು ಕಾಯಿಸಿದ ಬಿಸಿ ಬೀದಿಪಾಲು. ಮುಚ್ಚಿದರೆ ಬೂಷ್ಟು.

ಮನೆ ನೋಡೋಕೆ ಚೆಂದವೇ. ಗೋಲ್ಡನ್ ಟ್ರಯಾಂಗಲ್ ಅನ್ನುವ ಬಡಾವಣೆ, ವಿಕ್ಟೋರಿಯಾ ರಾಣಿ ಕಾಲದ ಸಾಲುಮನೆಗಳು. ಬಾಡಿಗೆ ಜಾಸ್ತಿ. ಬೀದಿ ಚೆಂದಕ್ಕೆ ಕೊಡುತ್ತಿದ್ದೇನೆ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.

ಕಳೆದ ಜನವರಿಯಲ್ಲಿ ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಚಹಾಕ್ಕೆ ಕರೆದರು. ಅವರಿರುವುದು ಗೋಲ್ಡ್‌ಸ್ಮಿತ್ ಸ್ಟ್ರೀಟ್‌ನಲ್ಲಿ, ಕೌನ್ಸಿಲ್ ಮನೆ. ಅಂದರೆ ನಗರಸಭೆಯೇ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುವ ಮನೆ. ಸುಳ್ಳು ಯಾಕೆ ಹೇಳಲಿ, ಅಲ್ಲಿ ಇನ್ನೂ ಥಂಡಿ ಇರುತ್ತದೆ ಅಂದುಕೊಂಡು ಎರಡು ಸ್ವೆಟರ್ ಹಾಕಿಕೊಂಡು ಹೋದೆ. ಬಾಗಿಲು ತೆಗೆದವರು ಅರ್ಧ ತೋಳಿನ ಅಂಗಿಯಲ್ಲಿದ್ದರು. ಹತ್ತು ನಿಮಿಷಕ್ಕೆ ನನ್ನ ಎರಡೂ ಸ್ವೆಟರ್ ಕುರ್ಚಿ ಮೇಲೆ. "ಹೀಟರ್ ಹಾಕಿದ್ದೀರಾ?" ಅಂದೆ. "ನಿನ್ನೆ ರಾತ್ರಿ ಸ್ವಲ್ಪ ಹೊತ್ತು ಹಾಕಿದ್ದೆ ಅನಿಸುತ್ತೆ" ಅಂದರು. ಅವರಿಗೆ ಸರಿಯಾಗಿ ನೆನಪೂ ಇರಲಿಲ್ಲ! ನಾನಾದರೋ ಮೀಟರ್ ನೋಡಿಕೊಂಡೇ ಮಲಗುವವನು.

ಇಂಥ ಮನೆಗೆ ಪ್ಯಾಸಿವ್‌ಹೌಸ್ ಅನ್ನುತ್ತಾರೆ. ಈ ಪದ್ಧತಿಯ ಮೊದಲ ಮನೆಗಳು 1990ರ ಹೊತ್ತಿಗೆ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಎದ್ದವು. ಗುಟ್ಟು ಇರುವುದು ಹೀಟರ್‌ನಲ್ಲಲ್ಲ, ಗೋಡೆಯಲ್ಲಿ. ದಪ್ಪ ಹೊದಿಕೆ, ಮೂರು ಪದರದ ಗಾಜು, ಎಲ್ಲೂ ಸಂದಿ ಇಲ್ಲದ ಕೆಲಸ. ಮನೆ ಮುಗಿದ ಮೇಲೆ ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಇರುವಾಗ ಒಂದು ಗಂಟೆಗೆ ನುಸುಳುವ ಗಾಳಿ ಮನೆಯೊಳಗಿನ ಗಾಳಿಯ 0.6 ಪಟ್ಟು ಮೀರಬಾರದು. ಮೀರಿದರೆ ಫೇಲ್. ಮತ್ತೆ ತೂತು ಹುಡುಕುತ್ತಾ ಕೂರಬೇಕು.

ಹಾಗಾದರೆ ಉಸಿರು ಕಟ್ಟಲ್ವಾ? ನಾನೂ ಅದನ್ನೇ ಕೇಳಿದೆ. ಅವರು ಒಂದು ಪೆಟ್ಟಿಗೆ ತೋರಿಸಿದರು. ಅಡುಗೆಮನೆ, ಬಚ್ಚಲಿನ ತೇವದ ಗಾಳಿಯನ್ನು ಅದು ಹೊರಗೆ ಹಾಕುತ್ತದೆ. ಹಾಕುವ ಮೊದಲು ಅದರ ಬಿಸಿಯನ್ನು ಒಳಗೆ ಬರುವ ಹೊಸ ಗಾಳಿಗೆ ದಾಟಿಸುತ್ತದೆ. ಗಾಳಿ ಗಾಳಿಗೆ ಬೆರೆಯುವುದಿಲ್ಲ, ಬಿಸಿ ಮಾತ್ರ ಕೈ ಬದಲಾಯಿಸುತ್ತದೆ. ಅದಕ್ಕೇ ಗಾಜಿನ ಮೇಲೆ ನೀರಿಲ್ಲ. ಫಿಲ್ಟರ್ ಬದಲಾಯಿಸುವುದೊಂದು ಕಿರಿಕಿರಿ ಅಂತೆ. ನನ್ನ ಟವೆಲ್ ಕಥೆ ಹೇಳಿದೆ, ಕಿರಿಕಿರಿಯ ಮಾತು ನಿಂತಿತು.

ಹೊರಗೆ ಬಂದ ಮೇಲೆ ಬೀದಿ ಎಲ್ಲೋ ನೋಡಿದ ಹಾಗಿದೆ ಅನಿಸಿತು. ನೋಡಿದರೆ ಅದು ನಮ್ಮದೇ ಬೀದಿಯ ಅಳತೆ! ಇಲ್ಲಿ ಎದುರುಬದುರು ಮನೆಗಳ ನಡುವೆ 21 ಮೀಟರ್ ಬಿಡುವುದು ರೂಢಿ. ಈ ಮನೆಗಳನ್ನು ವಿನ್ಯಾಸ ಮಾಡಿದ ಮಿಖೇಲ್ ರಿಚಸ್ ಸಂಸ್ಥೆ ಮತ್ತು ವಾಸ್ತುಶಿಲ್ಪಿ ಕ್ಯಾಥಿ ಹಾಲಿ ಗೋಲ್ಡನ್ ಟ್ರಯಾಂಗಲ್‌ನ ಹಳೇ ಬೀದಿಗಳನ್ನು ತೋರಿಸಿ 14 ಮೀಟರ್ ಸಾಕು ಅಂದರು. ಮುಂದಿನ ಸಾಲು ಹಿಂದಿನ ಸಾಲಿನ ಬಿಸಿಲು ಕದಿಯದ ಹಾಗೆ ಛಾವಣಿಗೆ ಸುಮಾರು 15 ಡಿಗ್ರಿ ಇಳಿಜಾರು ಕೊಟ್ಟರು. ಕಾರುಗಳು ಅಂಚಿಗೆ ಹೋದವು, ಹಿತ್ತಲ ಓಣಿ ಮಕ್ಕಳಿಗೆ ಸಿಕ್ಕಿತು. ಒಟ್ಟು 105 ಮನೆ. ಮಹಡಿಯ ಮನೆಗೂ ಬೀದಿಗೆ ತೆರೆಯುವ ಸ್ವಂತ ಬಾಗಿಲಿದೆ. 2019ರಲ್ಲಿ ಬ್ರಿಟನ್ನಿನ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿಯಾದ ಸ್ಟರ್ಲಿಂಗ್ ಇದಕ್ಕೇ ಬಂತು. ಕೌನ್ಸಿಲ್ ಮನೆಗಳಿಗೆ ಅದು ಬಂದದ್ದು ಅದೇ ಮೊದಲು.

ಆದರೆ ಇಲ್ಲಿ 'ರೀಜನರೇಶನ್' (ಹಳೇ ಬಡಾವಣೆ ಕೆಡವಿ ಹೊಸದು ಕಟ್ಟುವುದು) ಅಂದರೆ ಹಳೇ ಬಾಡಿಗೆದಾರರು ಬೆಚ್ಚಿಬೀಳುತ್ತಾರೆ. ಕಾರಣ ಇದೆ. ಲಂಡನ್ನಿನ ಹೇಗೇಟ್ ಎಸ್ಟೇಟ್ ಅನ್ನುವ ಕೌನ್ಸಿಲ್ ಮನೆಗಳ ಬಡಾವಣೆಯಲ್ಲಿ ಸಾವಿರಕ್ಕೂ ಹೆಚ್ಚು ಮನೆ ಕೆಡವಿದರು. ಹೊಸದಾಗಿ ಎದ್ದದ್ದರಲ್ಲಿ ಕಡಿಮೆ ಬಾಡಿಗೆಯವು ತೀರಾ ಕೆಲವು. ಜನ ಚದುರಿಹೋದರು. ಅದೇ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಆಗರ್ ಗ್ರೋವ್ ಅನ್ನುವ ಬಡಾವಣೆ ಬೇರೆ ದಾರಿ ಹಿಡಿಯಿತು. ಹಂತ ಹಂತವಾಗಿ ಕಟ್ಟುತ್ತಾ, ಇದ್ದ ಬಾಡಿಗೆದಾರರನ್ನೇ ಹೊಸ ಪ್ಯಾಸಿವ್‌ಹೌಸ್ ಮನೆಗಳಿಗೆ ದಾಟಿಸುವುದು. ನನ್ನ ಲೆಕ್ಕದಲ್ಲಿ ಗೋಡೆ ಎಷ್ಟು ದಪ್ಪ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಇದು: ಕೀಲಿಕೈ ಯಾರ ಕೈಗೆ?

ನಾರಿಚ್‌ಗೆ ಈ ವಿಷಯದಲ್ಲಿ ಹಳೇ ಹಟ ಇದೆ. 1980ರಲ್ಲಿ ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ಕೌನ್ಸಿಲ್ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಇಲ್ಲಿನ ಕೌನ್ಸಿಲ್ ಆ ಮಾರಾಟವನ್ನು ಎಳೆದಾಡಿತು. ಜಗಳ ಕೋರ್ಟಿಗೆ ಹೋಯಿತು. 1982ರಲ್ಲಿ ಕೌನ್ಸಿಲ್ ಸೋತಿತು. ಗೋಲ್ಡ್‌ಸ್ಮಿತ್ ಸ್ಟ್ರೀಟ್‌ ಕಟ್ಟಿದಾಗಲೂ ಆ ಹಕ್ಕು ಜಾರಿಯಲ್ಲೇ ಇತ್ತು. ಕಷ್ಟಪಟ್ಟು ಕಟ್ಟಿದ್ದು ಒಂದೊಂದಾಗಿ ಕೈಬಿಟ್ಟು ಹೋದರೆ ಅನ್ನುವ ಭಯ ಸುಮ್ನೆ ಅಲ್ಲ.

ಇನ್ನೊಂದು ವಿಷಯ ಮರೆತೆ. ಆ ಮನೆಗಳ ಬಾಗಿಲಲ್ಲಿ ಕಾಗದ ಹಾಕುವ ಸೀಳೇ ಇಲ್ಲ. ಅಲ್ಲಿಂದಲೂ ಗಾಳಿ ನುಗ್ಗುತ್ತದಲ್ಲ, ಅದಕ್ಕೆ ಅಂಚೆಪೆಟ್ಟಿಗೆ ಹೊರಗಿದೆ. ಅವತ್ತು ಮನೆಗೆ ಬಂದು ನಮ್ಮ ಬಾಗಿಲ ಸೀಳಿಗೆ ಹಳೇ ಕಾಲುಚೀಲ ತುರುಕಿದೆ. ಈಗ ಪೋಸ್ಟ್‌ಮನ್ ಕಾಗದಗಳನ್ನು ಮೆಟ್ಟಿಲ ಮೇಲೇ ಬಿಟ್ಟು ಹೋಗುತ್ತಾನೆ.